ಅಧಿಕಪ್ರಸಂಗದ ಪರವಾಗಿ

ಓದಿನ ಬಗ್ಗೆ ಕನ್ನಡದ ಎರಡು ಗಾದೆಗಳು ಒಂದೇ ಮನೆಯಲ್ಲಿ ಜಗಳವಿಲ್ಲದೆ ಬಾಳುತ್ತಿವೆ. ದೇಶ ಸುತ್ತಿ ನೋಡು, ಕೋಶ ಓದಿ ನೋಡು ಎನ್ನುವುದು ಒಂದು. ಓದಿ ಓದಿ ಮರುಳಾದ ಕೂಚುಭಟ್ಟ ಎನ್ನುವುದು ಇನ್ನೊಂದು. ಮಗ ಎಸ್ಸೆಸ್ಸೆಲ್ಸಿಯಲ್ಲಿದ್ದಾಗ ಮೊದಲನೆಯದನ್ನು ಹೇಳುವ ಅಪ್ಪನೇ, ಅದೇ ಮಗ ಕೆಲಸಕ್ಕೆ ಸೇರಿ ನಾಲ್ಕು ವರ್ಷವಾದ ಮೇಲೂ ಸಂಜೆ ಹೊತ್ತು ಹಳಗನ್ನಡ ಶಾಸನಗಳ ಪುಸ್ತಕ ಹರಡಿಕೊಂಡು ಕೂತರೆ ಎರಡನೆಯದನ್ನು ಹೇಳುತ್ತಾನೆ. ಇದರಲ್ಲಿ ಅವನಿಗೆ ಯಾವ ವಿರೋಧಾಭಾಸವೂ ಕಾಣುವುದಿಲ್ಲ. ಓದು ಒಂದು ದಡ ಮುಟ್ಟಿಸುವ ದೋಣಿ. ದಡ ಮುಟ್ಟಿದ ಮೇಲೂ ದೋಣಿಯಲ್ಲೇ ಕೂತಿರುವವನಿಗೆ ಏನೋ ಆಗಿರಬೇಕು ಎಂಬುದು ಅವನ ಲೆಕ್ಕ.

ಹಾಗೆ ಕೂತವರಿಗೆ ನಾವು ಇಟ್ಟಿರುವ ಹೆಸರುಗಳನ್ನೇ ನೋಡಿ. ಮಗು ಎರಡು ಪ್ರಶ್ನೆ ಕೇಳಿದರೆ ಜಾಣ, ನಾಲ್ಕನೆಯದನ್ನು ಕೇಳಿದರೆ ಅಧಿಕಪ್ರಸಂಗಿ. ಸಂದರ್ಭಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಮಾತಾಡುವವನು ಎಂಬ ಸಪ್ಪೆ ಅರ್ಥದ ಈ ಪದ ನಮ್ಮ ಬಾಯಲ್ಲಿ ಉದ್ಧಟ ಎಂಬ ಅರ್ಥಕ್ಕೆ ತಿರುಗಿದೆ. ಜೊತೆಗೆ ತಲೆಹರಟೆ ಇದೆ, ಬೇಡದ ಉಸಾಬರಿ ಇದೆ, ಗೀಳು ಇದೆ. ಕುತೂಹಲ ಎಂಬ ಒಳ್ಳೆಯ ಪದ ಇದ್ದರೂ ಅದು ಪುಸ್ತಕದಲ್ಲೇ ಉಳಿದಿದೆ. ಮನೆಯಲ್ಲಿ ನಾವು ಹೇಳುವುದು ಹುಚ್ಚು ಎಂದು. ಪುಸ್ತಕದ ಹುಚ್ಚು, ಹಕ್ಕಿಯ ಹುಚ್ಚು, ಹಳೇ ನಾಣ್ಯದ ಹುಚ್ಚು. ಹವ್ಯಾಸ ಎಂಬುದು ಇದ್ದುದರಲ್ಲಿ ಮರ್ಯಾದೆಯ ಪದ. ಪಕ್ಕದ ಮರಾಠಿಯಲ್ಲಿ ಅದೇ ಪದಕ್ಕೆ ಹಪಾಹಪಿ, ಅತಿಯಾಸೆ ಎಂಬ ಅರ್ಥವಿದೆ, ಕನ್ನಡದಲ್ಲಿ ಸದ್ಯ ಅಷ್ಟು ಕೆಟ್ಟಿಲ್ಲ. ಹವ್ಯಾಸಿ ರಂಗಭೂಮಿ ಎನ್ನುತ್ತೇವೆ, ಹವ್ಯಾಸಿ ಯಕ್ಷಗಾನ ತಂಡ ಎನ್ನುತ್ತೇವೆ, ಎರಡಕ್ಕೂ ಗೌರವ ಇದೆ. ಆದರೆ ಹವ್ಯಾಸಿ ವಿದ್ವಾಂಸ ಎಂದು ಯಾರನ್ನಾದರೂ ಕರೆದು ನೋಡಿ, ಅವರು ಮುನಿಸಿಕೊಳ್ಳುತ್ತಾರೆ. ಸಂಜೆ ಆರರ ಮೇಲೆ ಬಣ್ಣ ಹಚ್ಚುವುದು ಒಪ್ಪಿತ. ಸಂಜೆ ಆರರ ಮೇಲೆ ಸಸ್ಯಶಾಸ್ತ್ರ ಓದುವುದಕ್ಕೆ ಕಾರಣ ಹೇಳಬೇಕಾಗುತ್ತದೆ.

ಇದಕ್ಕೆ ಪ್ರತಿಯಾಗಿ, ನಮ್ಮಷ್ಟು ಜ್ಞಾನಿಗಳನ್ನು ಹೊತ್ತು ಮೆರೆಸುವವರು ಬೇರೆ ಯಾರಿದ್ದಾರೆ ಎಂದು ನೀವು ಕೇಳಬಹುದು. ನಿಜ, ಮೆರೆಸುತ್ತೇವೆ. ಆದರೆ ಮೆರೆಸುವ ಭಾಷೆ ಯಾವುದು? ಯಾವ ಅಭಿನಂದನ ಗ್ರಂಥವನ್ನಾದರೂ ತೆರೆಯಿರಿ: ತಪಸ್ಸು, ಸಾಧನೆ, ಸೇವೆ, ತ್ಯಾಗ, ವ್ರತ. ಒಬ್ಬ ಮನುಷ್ಯ ಅರುವತ್ತು ವರ್ಷ ತನಗೆ ಖುಷಿ ಕೊಟ್ಟ ಕೆಲಸ ಮಾಡಿದ ಎಂದು ಬರೆದರೆ ಸನ್ಮಾನಕ್ಕೆ ಕುಂದು ಎಂಬಂತೆ, ಆ ಖುಷಿಯನ್ನು ಕಷ್ಟವಾಗಿ ತರ್ಜುಮೆ ಮಾಡಿ ಆಮೇಲೆ ಶಾಲು ಹೊದಿಸುತ್ತೇವೆ. ನಮ್ಮ ಸಾಹಿತ್ಯ ವಿಮರ್ಶೆಯೂ ಇದರಿಂದ ಪಾರಾಗಿಲ್ಲ. ಕಾರಂತ, ಬಿ.ಜಿ.ಎಲ್. ಸ್ವಾಮಿ, ತೇಜಸ್ವಿ ಈ ಮೂವರ ಬಗ್ಗೆ ಬಂದಿರುವ ಬರಹದಲ್ಲಿ ಬಹುಪಾಲು ಅವರ ಜ್ಞಾನದ ವಿಸ್ತಾರಕ್ಕೆ ಕೈಮುಗಿಯುತ್ತದೆ. ಆ ಜ್ಞಾನ ಹುಟ್ಟಿದ ಆಟ, ಸೋಮಾರಿತನ, ದಾರಿತಪ್ಪುವಿಕೆ ಇವುಗಳ ಹತ್ತಿರ ಹೋಗುವುದಿಲ್ಲ. ಪುಸ್ತಕಗಳನ್ನೇ ತೆರೆದರೆ ಬೇರೆ ಕಥೆ ಇದೆ.

ಶಿವರಾಮ ಕಾರಂತರು 1948ರಲ್ಲಿ ಆತ್ಮಕಥೆ ಪ್ರಕಟಿಸಿದಾಗ ಅದಕ್ಕೆ ಇಟ್ಟ ಹೆಸರು ಹುಚ್ಚು ಮನಸ್ಸಿನ ಹತ್ತು ಮುಖಗಳು. ಊರು ಬಯ್ಯುವ ಪದವನ್ನೇ ಎತ್ತಿಕೊಂಡು ರಕ್ಷಾಪುಟದ ಮೇಲೆ ಹಾಕಿದರು. ಹತ್ತು ಮುಖ ಎಂದರೆ ನಮ್ಮ ಕಡೆ ಮೊದಲು ನೆನಪಾಗುವುದು ರಾವಣ ಎಂಬುದು ಅವರಿಗೆ ಗೊತ್ತಿರಲಿಲ್ಲ ಎಂದು ನನಗನಿಸುವುದಿಲ್ಲ. ಅಸಹಕಾರ ಚಳವಳಿಯ ಕಾಲದಲ್ಲಿ ಕಾಲೇಜು ಬಿಟ್ಟ ಈ ಮನುಷ್ಯ ನಾಟಕ, ಮೂಕಿ ಚಿತ್ರ, ಫೋಟೊ, ಮುದ್ರಣ, ಕುಣಿತ, ಮಕ್ಕಳ ಶಾಲೆ ಎಂದು ಒಂದರಿಂದ ಇನ್ನೊಂದಕ್ಕೆ ಹಾರಿದವರು. ಇವತ್ತಿನ ಯಾವ ವೃತ್ತಿ ಸಲಹೆಗಾರನೂ ಒಪ್ಪದ ಬದುಕು. 1936ರಲ್ಲಿ ಮಕ್ಕಳಿಗಾಗಿ ಮೂರು ಸಂಪುಟಗಳ ಬಾಲಪ್ರಪಂಚ ತಂದರು. ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ನಂತರ, 1959ರಿಂದ, ದೊಡ್ಡವರಿಗಾಗಿ ನಾಲ್ಕು ಸಂಪುಟಗಳ ವಿಜ್ಞಾನ ಪ್ರಪಂಚ. ವಿಜ್ಞಾನದ ಪದವಿಯಿಲ್ಲದ ಕಾದಂಬರಿಕಾರನೊಬ್ಬ ಒಂಟಿಯಾಗಿ ಕೂತು ವಿಶ್ವಕೋಶ ಬರೆಯುವುದು, ಯಾವ ಶಾಸ್ತ್ರದ ಕಣ್ಣಿನಿಂದ ನೋಡಿದರೂ, ಶುದ್ಧ ಅಧಿಕಪ್ರಸಂಗ.

ಮಾಹಿತಿಯ ದೃಷ್ಟಿಯಿಂದ ಆ ಸಂಪುಟಗಳಿಗೆ ವಯಸ್ಸಾಗಿದೆ, ಅದರಲ್ಲಿ ಅನುಮಾನವಿಲ್ಲ. ಆದರೂ ಅವುಗಳ ಮೌಲ್ಯ ಮಾಹಿತಿಯಲ್ಲಿ ಇರಲಿಲ್ಲ. ತಾನೂ ಈಗಷ್ಟೇ ಕಲಿತ ಒಬ್ಬ ಮನುಷ್ಯ ಪಕ್ಕದವನ ಭುಜ ತಟ್ಟಿ ಹೇಳುವ ಧಾಟಿ ಅದು. ಮೇಷ್ಟರ ಧಾಟಿಯಲ್ಲ. ಕಾರಂತರನ್ನು ನಡೆದಾಡುವ ವಿಶ್ವಕೋಶ ಎಂದು ಕರೆದು ಕರೆದು ನಾವು ಈ ಧಾಟಿಯನ್ನು ಕೇಳಿಸಿಕೊಳ್ಳದೆ ಹೋದೆವು. ವಿಶ್ವಕೋಶಕ್ಕೆ ಎಲ್ಲ ಗೊತ್ತಿರುತ್ತದೆ. ಕಾರಂತರ ಸ್ವಾರಸ್ಯ ಇರುವುದು ಗೊತ್ತಿಲ್ಲದ್ದರ ಕಡೆಗೆ ಅವರು ನಡೆಯುವ ರೀತಿಯಲ್ಲಿ. ತೊಂಬತ್ತೈದರ ಆಸುಪಾಸಿನಲ್ಲಿ ಹಕ್ಕಿಗಳ ಬಗ್ಗೆ ಪುಸ್ತಕ ಬರೆಯುವವನಿಗೆ ಸೇವೆಯ ಹಂಗಿರುವುದಿಲ್ಲ. ಹಕ್ಕಿ ಚೆನ್ನಾಗಿದೆ, ಅಷ್ಟೆ.

ಸ್ವಾಮಿಯವರ ಸಂಗತಿ ಸ್ವಲ್ಪ ಭಿನ್ನ. ಅವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ಪಕ್ಕಾ ವೃತ್ತಿಪರ ವಿಜ್ಞಾನಿ. ಹಸುರು ಹೊನ್ನು ಅವರ ವೃತ್ತಿಯಿಂದಲೇ ಹುಟ್ಟಿದ ಪುಸ್ತಕ. ಆದರೆ ಅದು ಸಿಲಬಸ್ಸಿನ ಗಡಿ ದಾಟಿದ ಕಡೆಯಲ್ಲೇ ಜೀವ ಪಡೆಯುತ್ತದೆ. ವಿದ್ಯಾರ್ಥಿಗಳನ್ನು ಕರೆದುಕೊಂಡು ಕಾಡು ಅಲೆಯುವಾಗ ಒಂದು ಗಿಡ ಸಿಕ್ಕಿದರೆ ಅದರ ಲ್ಯಾಟಿನ್ ಹೆಸರಿನಿಂದ ಕಾವ್ಯಕ್ಕೆ, ಕಾವ್ಯದಿಂದ ಅಡುಗೆಗೆ, ಅಡುಗೆಯಿಂದ ಒಬ್ಬ ತುಂಟ ಹುಡುಗನ ಕೀಟಲೆಗೆ ಜಾರುತ್ತಾ ಹೋಗುತ್ತಾರೆ. ನಡುನಡುವೆ ಅವರೇ ಬಿಡಿಸಿದ ಚಿತ್ರಗಳು. ಈ ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆ ವರ್ಷದ ತೀರ್ಪುಗಾರರನ್ನು ನಾನು ಮನಸ್ಸಿನಲ್ಲೇ ಅನೇಕ ಸಲ ಅಭಿನಂದಿಸಿದ್ದೇನೆ. ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕಾ ಓದಿದವರಿಗೆ ಆಮೇಲೆ ಸಾರು ಮೊದಲಿನಂತೆ ಕಾಣುವುದಿಲ್ಲ. ಮೆಣಸಿನಕಾಯಿ, ಟೊಮ್ಯಾಟೊ, ಆಲೂಗಡ್ಡೆ ಎಲ್ಲವೂ ಸಮುದ್ರ ದಾಟಿ ಬಂದ ನೆಂಟರು ಎಂದು ತಿಳಿದ ಮೇಲೆ, ನಮ್ಮ ಪರಂಪರೆಯ ಅಡುಗೆ ಎಂದು ಎದೆ ಉಬ್ಬಿಸುವ ಮೊದಲು ಒಂದು ಕ್ಷಣ ನಗು ಬರುತ್ತದೆ. ಆ ನಗು ಪರೀಕ್ಷೆಗೆ ಬರುವುದಿಲ್ಲ.

ಗಡಿ ದಾಟುವುದಕ್ಕೆ ಅಪಾಯವೂ ಇದೆ. ಸ್ವಾಮಿಯವರು ತಮಿಳು ಸಾಹಿತ್ಯದ ಕಾಲನಿರ್ಣಯದ ಜಗಳಕ್ಕೆ ಇಳಿದರು; ತಮಿಳು ತಲೆಗಳ ನಡುವೆ ಅದರ ಫಲ. ಕುತೂಹಲವಾಗಿ ಶುರುವಾದದ್ದು ಅಲ್ಲಿ ಕೆಲವೆಡೆ ಕುಸ್ತಿಯಾಗುತ್ತದೆ, ಎದುರಾಳಿಯನ್ನು ಗೇಲಿ ಮಾಡುವ ಉತ್ಸಾಹ ಹೊಸದನ್ನು ಅರಿಯುವ ಉತ್ಸಾಹವನ್ನು ಹಿಂದೆ ಹಾಕುತ್ತದೆ. ಬೇರೆಯವರ ಅಂಗಳಕ್ಕೆ ಹೋದ ಹವ್ಯಾಸಿ ನೆಂಟನಾಗಿರುವವರೆಗೆ ಚೆಂದ. ಅಮೀನನಾಗಿ ಹೋದರೆ ಕಷ್ಟ.

ಇನ್ನು ಕರ್ವಾಲೊ. 1980ರಲ್ಲಿ ಬಂದ ಈ ಕಾದಂಬರಿಯನ್ನು ಪರಿಸರ, ವಿಕಾಸವಾದ, ರಹಸ್ಯದ ಹುಡುಕಾಟ ಎಂದೆಲ್ಲ ಓದಿದ್ದೇವೆ. ಕನ್ನಡ ಸಮಾಜ ಕುತೂಹಲಿಗಳನ್ನು ಹೇಗೆ ನಡೆಸಿಕೊಳ್ಳುತ್ತದೆ ಎಂಬುದರ ಇಷ್ಟು ನಿಖರ ದಾಖಲೆ ಇನ್ನೊಂದಿಲ್ಲ ಎಂದು ಮಾತ್ರ ಯಾರೂ ಒತ್ತಿ ಹೇಳಿದಂತಿಲ್ಲ. ಮಂದಣ್ಣ ಜೇನು ಸಾಕುವವನು, ಕಾಡು ಅಲೆಯುವವನು, ಊರಿನ ಲೆಕ್ಕದಲ್ಲಿ ದಂಡಪಿಂಡ. ಅವನು ಹುಳ ಹುಪ್ಪಟೆಗಳನ್ನು ನೋಡುತ್ತಾ ಕಳೆಯುವ ಹೊತ್ತು ಯಾರ ದೃಷ್ಟಿಯಲ್ಲೂ ಕೆಲಸವಲ್ಲ. ಅವನ ದೃಷ್ಟಿಯಲ್ಲೂ ಅಲ್ಲ, ಇದು ಮುಖ್ಯ. ತಾನು ಮಾಡುತ್ತಿರುವುದಕ್ಕೆ ಒಂದು ಹೆಸರಿದೆ, ಅದನ್ನೇ ಜಗತ್ತಿನ ಬೇರೆ ಕಡೆ ಸಂಬಳ ಕೊಟ್ಟು ಮಾಡಿಸುತ್ತಾರೆ ಎಂಬುದು ಅವನಿಗೆ ಗೊತ್ತಿಲ್ಲ. ಗೊತ್ತಿರುವುದು ಕರ್ವಾಲೊ ಎಂಬ ವಿಜ್ಞಾನಿಗೆ. ಹಾರುವ ಓತಿಯನ್ನು ಕಂಡವನು ಮಂದಣ್ಣ. ಕಂಡದ್ದು ಏನು ಎಂದು ಹೇಳಬಲ್ಲವರು ಕರ್ವಾಲೊ. ಇಷ್ಟು ದೊಡ್ಡ ವಿಜ್ಞಾನಿಗೆ ಈ ಪೆದ್ದನ ಸಹವಾಸ ಯಾಕೆ ಎಂದು ನಿರೂಪಕನಿಗೇ ಮೊದಮೊದಲು ಬಗೆಹರಿಯುವುದಿಲ್ಲ. ತೇಜಸ್ವಿ ಇಲ್ಲಿ ಜಾಣ. ನಿರೂಪಕನ ತಬ್ಬಿಬ್ಬಿನ ಮೂಲಕ ನಮ್ಮ ತಬ್ಬಿಬ್ಬನ್ನು ಹಿಡಿದು ತೋರಿಸುತ್ತಾರೆ. ಓದಿದವರಾದ ನಾವೂ ಮಂದಣ್ಣನನ್ನು ದಾರಿಯಲ್ಲಿ ಕಂಡಿದ್ದರೆ ಪೆದ್ದ ಎಂದೇ ಮುಂದೆ ಹೋಗುತ್ತಿದ್ದೆವು.

ಆದರೆ ಕಾದಂಬರಿಯ ಒಳಗೇ ಒಂದು ಇಕ್ಕಟ್ಟಿದೆ, ಅದನ್ನು ಸುತ್ತು ಹಾಕಿಕೊಂಡು ಹೋಗಬಾರದು. ಮಂದಣ್ಣನ ನೋಟಕ್ಕೆ ಬೆಲೆ ಬರುವುದು ಡಿಗ್ರಿ ಇರುವ ಒಬ್ಬರು ಅದನ್ನು ದೃಢೀಕರಿಸಿದಾಗ. ಅವನು ಪೊಲೀಸು, ಕೋರ್ಟು ಎಂದು ಸಿಕ್ಕಿಬಿದ್ದಾಗ ಕರ್ವಾಲೊ ಅವನ ಬೆನ್ನಿಗೆ ನಿಲ್ಲುತ್ತಾರೆ. ಆ ನಿಲ್ಲುವಿಕೆಯಲ್ಲಿ ಪ್ರೀತಿ ಎಷ್ಟು, ಓತಿಯನ್ನು ಕಂಡ ಒಬ್ಬನೇ ಸಾಕ್ಷಿ ಕೈತಪ್ಪಬಾರದೆಂಬ ಗರಜು ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಕುತೂಹಲಕ್ಕೆ ಜಾತಿಯಿಲ್ಲ, ವರ್ಗವಿಲ್ಲ ಎಂದು ಕಾದಂಬರಿ ಹೇಳಲು ಹೊರಟಂತಿದೆ. ಆದರೆ ಕುತೂಹಲಕ್ಕೆ ಗುರುತಿನ ಚೀಟಿ ಬೇಕು ಎಂಬುದನ್ನೂ ಅಷ್ಟೇ ಪ್ರಾಮಾಣಿಕವಾಗಿ ತೋರಿಸುತ್ತದೆ. ಕೊನೆಗೆ ಓತಿ ಕೈಗೆ ಸಿಗದೆ ಕಣಿವೆಯ ಕಡೆ ತೇಲಿಹೋಗುತ್ತದೆ. ಇದನ್ನು ಅಧ್ಯಾತ್ಮದ ಸಂಕೇತವಾಗಿ ವಿವರಿಸಿದ ಲೇಖನಗಳಿವೆ. ನನಗೆ ಅದಕ್ಕಿಂತ ಸರಳವಾದ ಅರ್ಥ ಹಿಡಿಸುತ್ತದೆ: ಇಷ್ಟು ಜನ ಇಷ್ಟು ದಿನ ಕಾಡು ಅಲೆದು ಮನೆಗೆ ತರಲು ಏನೂ ಸಿಗಲಿಲ್ಲ, ಆದರೂ ಯಾರಿಗೂ ಮೋಸ ಹೋದೆವೆನಿಸುವುದಿಲ್ಲ. ನಮ್ಮ ಸಾಹಿತ್ಯದಲ್ಲಿ ಫಲವಿಲ್ಲದ ಹುಡುಕಾಟಕ್ಕೆ ಇಷ್ಟು ಸಂತೋಷದ ಮುಕ್ತಾಯ ಅಪರೂಪ.

ಆ ತಂಡದಲ್ಲಿ ಯಾರು ಯಾರು ಇದ್ದರು? ವಿಜ್ಞಾನಿ, ತೋಟದ ಯಜಮಾನ, ಫೋಟೊ ತೆಗೆಯುವ ಪ್ರಭಾಕರ, ಮರ ಹತ್ತುವ, ಬಿರಿಯಾನಿ ಮಾಡುವ ಕರಿಯಪ್ಪ, ಮಂದಣ್ಣ, ಒಂದು ನಾಯಿ. ಮಂದಣ್ಣನ ಹೆಂಡತಿ ರಾಮಿ ಇಲ್ಲ. ನಾಯಿಗೆ ಜಾಗವಿದ್ದ ಕಡೆ ರಾಮಿಗೆ ಜಾಗವಿರಲಿಲ್ಲ ಎಂದು ಬರೆದರೆ ತೇಜಸ್ವಿಯವರ ಅಭಿಮಾನಿಗಳು ನನ್ನನ್ನು ಅಧಿಕಪ್ರಸಂಗಿ ಎನ್ನಬಹುದು, ಅನ್ನಲಿ. ಸ್ವಾಮಿ, ತೇಜಸ್ವಿ ಇಬ್ಬರ ಪುಸ್ತಕಗಳಲ್ಲೂ ಕುತೂಹಲ ಎಂದರೆ ಮನೆಯಿಂದ ಹೊರಗೆ ಹೋಗುವುದು. ಹೊತ್ತು ಮುಳುಗಿದ ಮೇಲೂ ತಿರುಗಬಲ್ಲ ಕಾಲು, ವಾಪಸು ಬಂದಾಗ ಯಾರೋ ಮಾಡಿಟ್ಟ ಊಟ, ಎಲ್ಲಿಗೆ ಹೋಗಿದ್ದೆ ಎಂದು ಯಾರೂ ಕೇಳದ ನೆಮ್ಮದಿ ಇವೆಲ್ಲ ಅದರ ಬಂಡವಾಳ. ಈ ಬಂಡವಾಳ ಇಲ್ಲದವರು ಕಲಿಯುವುದು ಹೇಗೆ?

ಈ ಪ್ರಶ್ನೆಗೆ ಕಾರಂತರು ಕೊಟ್ಟ ಉತ್ತರ ವಿಚಿತ್ರವಾಗಿದೆ. ಮೂಕಜ್ಜಿಯ ಕನಸುಗಳು 1968ರ ಕಾದಂಬರಿ, 1977ರ ಜ್ಞಾನಪೀಠಕ್ಕೆ ಕಾರಣವಾದದ್ದು. ಎಳೆಯ ವಯಸ್ಸಿನಲ್ಲೇ ವಿಧವೆಯಾದ ಅಜ್ಜಿ ಕಾಲದ, ದೇವರ, ದಾಂಪತ್ಯದ ಬಗ್ಗೆ ಆಡುವ ಮಾತುಗಳು ಯಾವ ಪಂಡಿತನನ್ನೂ ತಡವರಿಸುವಂತೆ ಮಾಡುತ್ತವೆ. ಅವಳಿಗೆ ಈ ತಿಳಿವಳಿಕೆ ಬಂದದ್ದು ಎಲ್ಲಿಂದ? ಮೊಮ್ಮಗ ಸುಬ್ಬರಾಯ ತಂದುಕೊಟ್ಟ ಯಾವುದೋ ಹಳೆಯ ವಸ್ತುವನ್ನು ಮುಟ್ಟಿದರೆ ಅವಳಿಗೆ ಅದರ ಹಿಂದಿನ ಕಾಲ ಕಾಣುತ್ತದೆ. ಪವಾಡಗಳನ್ನು ನಂಬದ, ಎಲ್ಲವನ್ನೂ ಓದಿ, ಸುತ್ತಿ, ಪ್ರಯೋಗ ಮಾಡಿ ತಿಳಿದುಕೊಂಡ ಕಾರಂತರು ತಮ್ಮ ಅತ್ಯಂತ ಬುದ್ಧಿವಂತ ಪಾತ್ರಕ್ಕೆ ಜ್ಞಾನ ಕೊಡಲು ಅತೀಂದ್ರಿಯ ಶಕ್ತಿಯ ಮೊರೆ ಹೋಗಬೇಕಾಯಿತು. ಇದನ್ನು ಕಾದಂಬರಿಯ ತಂತ್ರ ಎಂದು ಬಿಟ್ಟುಬಿಡಬಹುದು. ನನಗೆ ಅದು ಕಾದಂಬರಿಯಲ್ಲೇ ಅತ್ಯಂತ ವಾಸ್ತವವಾದ ಭಾಗ ಎನಿಸುತ್ತದೆ. ಹಳ್ಳಿಯ ಮನೆಯೊಂದರ ವಿಧವೆಗೆ ಜಗತ್ತಿನ ಇತಿಹಾಸ ತಿಳಿಯುವುದಕ್ಕೆ ಇದ್ದ ದಾರಿ ಕನಸೊಂದೇ. ಹೋಗಿ ಗುಹೆ ನೋಡುವವನು ಮೊಮ್ಮಗ. ಕೂತಲ್ಲೇ ಕಾಣುವವಳು ಅಜ್ಜಿ.

ಕನಸಿಲ್ಲದೆ ಕಲಿತ ವಿಧವೆಯೊಬ್ಬರು ನಮ್ಮಲ್ಲಿ ನಿಜವಾಗಿ ಇದ್ದರು. ನಂಜನಗೂಡು ತಿರುಮಲಾಂಬ ಹುಟ್ಟಿದ್ದು 1887ರಲ್ಲಿ. ಬಾಲ್ಯದಲ್ಲಿ ಮದುವೆ, ಬಾಲ್ಯ ಮುಗಿಯುವ ಮೊದಲೇ ವೈಧವ್ಯ. ತಂದೆಯ ಆಸರೆಯಲ್ಲಿ ಮನೆಯಲ್ಲೇ ಓದಿದರು, ಹೆಣ್ಣುಮಕ್ಕಳಿಗೆ ಮನೆಯಲ್ಲೇ ಪಾಠ ಹೇಳಿದರು. 1913ರಲ್ಲಿ ಸುಶೀಲೆ ಎಂಬ ಕಾದಂಬರಿ, ಸತಿಹಿತೈಷಿಣಿ ಎಂಬ ಗ್ರಂಥಮಾಲೆ. 1917ರಲ್ಲಿ ಕರ್ನಾಟಕ ನಂದಿನಿ ಎಂಬ ಪತ್ರಿಕೆ. ಗ್ರಂಥಮಾಲೆಯ ಹೆಸರಿನ ಮೇಲೆ ಸ್ವಲ್ಪ ಹೊತ್ತು ನಿಲ್ಲೋಣ: ಸತಿಯರ ಹಿತ ಬಯಸುವವಳು. ಕಾರಂತರು ತಮ್ಮ ಕಲಿಕೆಗೆ ಹುಚ್ಚು ಎಂದು ಹೆಸರಿಟ್ಟು ಮೀಸೆಯಡಿ ನಗಬಹುದಿತ್ತು. ತಿರುಮಲಾಂಬ ತಮ್ಮ ಕಲಿಕೆಗೆ ಹಿತ ಎಂದೇ ಹೆಸರಿಡಬೇಕಿತ್ತು. ವಿಧವೆಯೊಬ್ಬಳು ಹುಚ್ಚು ಮನಸ್ಸು ಎಂದು ಬರೆದಿದ್ದರೆ ಊರು ಅದನ್ನು ಹಾಸ್ಯವಾಗಿ ತೆಗೆದುಕೊಳ್ಳುತ್ತಿತ್ತೇ? ಇದಕ್ಕೂ ಎರಡು ಶತಮಾನ ಹಿಂದೆ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆ ಸಂಚಿಯ ಊಳಿಗದಲ್ಲಿದ್ದ ಹೊನ್ನಮ್ಮನೂ ಇದೇ ಬಾಗಿಲಿನಿಂದ ಒಳಗೆ ಬಂದವಳು. ಅವಳ ಕಾವ್ಯದ ಹೆಸರು ಹದಿಬದೆಯ ಧರ್ಮ. ಹೆಂಡತಿಯ ಧರ್ಮ ಹೇಳುತ್ತೇನೆ ಎಂದರೆ ಹೆಂಗಸಿನ ವಿದ್ಯೆಗೆ ಪರವಾನಗಿ ಸಿಗುತ್ತಿತ್ತು. ಒಳಗೆ ಹೋದ ಮೇಲೆ, ಪೆಣ್ಣೆಂದರೆ ಹೀಗಳೆಯುವುದೇಕೆ ಎಂದು ಕೇಳುವ ಧೈರ್ಯವನ್ನೂ ಅವಳು ಮಾಡಿದಳು, ಅದು ಬೇರೆ ಮಾತು.

ಹಾಗಾಗಿ ಸಾಧನೆ, ಸೇವೆ ಎಂಬ ಪದಗಳನ್ನು ನಾನು ಮೇಲೆ ಗೇಲಿ ಮಾಡಿದ್ದನ್ನು ಎಲ್ಲರಿಗೂ ಒಂದೇ ಸಮ ಹಚ್ಚಲಾಗದು. ಕೆಲವರಿಗೆ ಅವು ಶಾಲು, ಕೆಲವರಿಗೆ ಕೊಡೆ. ಖುಷಿಗಾಗಿ ಓದುತ್ತೇನೆ ಎಂದು ಹೇಳಿಕೊಳ್ಳುವುದೇ ಒಂದು ಸವಲತ್ತು. ಇವತ್ತಿಗೂ ಮನೆಕೆಲಸ ಮುಗಿಸಿ ಪಾತ್ರೆ ಮಗುಚಿಟ್ಟು ಹನ್ನೊಂದು ಗಂಟೆಗೆ ಪುಸ್ತಕ ಹಿಡಿಯುವ ಹೆಂಗಸಿಗೆ, ಯಾವ ಪರೀಕ್ಷೆಗೆ ಕಟ್ಟಿದ್ದೀಯ ಎಂಬ ಪ್ರಶ್ನೆ ಮೊದಲು ಬರುತ್ತದೆ. ಎಂ.ಎ. ಎಂದರೆ ದೀಪ ಉರಿಯಲು ಬಿಡುತ್ತಾರೆ. ಎಪ್ಪತ್ತರ ಹಿರಿಯರೊಬ್ಬರು ಪದವಿ ಪಡೆದರು ಎಂಬ ಸುದ್ದಿಯನ್ನು ಪತ್ರಿಕೆಗಳು ಸಂತೋಷದಿಂದ ಹಾಕುವುದೂ ಇದಕ್ಕೇ. ಫೋಟೊದಲ್ಲಿ ಅವರ ಕೈಯಲ್ಲಿ ಸರ್ಟಿಫಿಕೇಟು ಇರುತ್ತದೆ. ಅದೇ ಹಿರಿಯರು ಪರೀಕ್ಷೆ ಕಟ್ಟದೆ ಅಷ್ಟನ್ನೂ ಓದಿದ್ದರೆ ಸುದ್ದಿಯಾಗುತ್ತಿರಲಿಲ್ಲ.

ಸಾರ್ವಜನಿಕವಾಗಿ ಇದಕ್ಕೊಂದು ಜಾಗ ಮಾಡಿಕೊಡುವ ಪ್ರಯತ್ನ ನಮ್ಮಲ್ಲಿ ನಡೆದಿದೆ. ಮೈಸೂರು ವಿಶ್ವವಿದ್ಯಾನಿಲಯದ ಪ್ರಚಾರೋಪನ್ಯಾಸಗಳಲ್ಲಿ ಅಧ್ಯಾಪಕರು ಊರೂರಿಗೆ ಹೋಗಿ ಕನ್ನಡದಲ್ಲಿ ಮಾತಾಡಿದರು. ಉಪನ್ಯಾಸಗಳು ಕಡಿಮೆ ಬೆಲೆಯ ಪುಟ್ಟ ಪುಸ್ತಕಗಳಾಗಿ ಬಂದವು. ಕೇಳುವವರಿಗೆ ಹಾಜರಿ ಇರಲಿಲ್ಲ, ಅಂಕ ಇರಲಿಲ್ಲ. 1965ರ ಗ್ರಂಥಾಲಯ ಕಾಯ್ದೆ ಆಸ್ತಿ ತೆರಿಗೆಯ ಮೇಲೆ ಗ್ರಂಥಾಲಯ ಕರ ಹಾಕಿತು. ಅಂದರೆ ಕರ್ನಾಟಕದ ಪಟ್ಟಣದ ಪ್ರತಿ ಮನೆಯವರೂ, ತಿಳಿದೋ ತಿಳಿಯದೆಯೋ, ಯಾರೋ ಒಬ್ಬರ ಬಿಡುವಿನ ಓದಿಗೆ ದುಡ್ಡು ಕೊಡುತ್ತಿದ್ದಾರೆ. ಆದರೆ ಈಗ ಜಿಲ್ಲಾ ಕೇಂದ್ರದ ಯಾವ ಗ್ರಂಥಾಲಯಕ್ಕೆ ಹೋದರೂ ಕುರ್ಚಿಗಳು ಸ್ಪರ್ಧಾತ್ಮಕ ಪರೀಕ್ಷೆಯ ಗೈಡು ಹಿಡಿದ ಹುಡುಗ ಹುಡುಗಿಯರಿಂದ ತುಂಬಿರುತ್ತವೆ. ಅವರನ್ನು ದೂರುವ ಮನಸ್ಸು ನನಗಿಲ್ಲ. ಕೆಲಸವಿಲ್ಲದವರಿಗೆ ಕುತೂಹಲದ ಉಪದೇಶ ಮಾಡುವುದು ಹೊಟ್ಟೆ ತುಂಬಿದವರ ಚಾಳಿ. ಆ ಗೈಡುಗಳಲ್ಲಿ ಕರ್ವಾಲೊ ಬರೆದವರು ಯಾರು ಎಂಬ ಪ್ರಶ್ನೆ ಇರುತ್ತದೆ, ನಾಲ್ಕು ಆಯ್ಕೆಗಳೊಂದಿಗೆ. ಸರಿ ಉತ್ತರ ಗೊತ್ತಿರುವ ಹುಡುಗ ಪುಸ್ತಕವನ್ನು ಓದಿರಬೇಕಿಲ್ಲ, ಅದೇ ಕಟ್ಟಡದ ಪಕ್ಕದ ಕಪಾಟಿನಲ್ಲಿ ಅದು ಇದ್ದರೂ.

ಪ್ರೊ. ಜಿ. ವೆಂಕಟಸುಬ್ಬಯ್ಯನವರ ಇಗೋ ಕನ್ನಡ ಅಂಕಣ ಪ್ರಜಾವಾಣಿಯಲ್ಲಿ ವರ್ಷಗಟ್ಟಲೆ ನಡೆದದ್ದನ್ನು ನೆನೆದರೆ ಮಾತ್ರ ಈ ನಿರಾಶೆ ಸ್ವಲ್ಪ ಸಡಿಲವಾಗುತ್ತದೆ. ಓದುಗರು ಪತ್ರ ಬರೆದು ಕೇಳುತ್ತಿದ್ದರು: ಈ ಪದ ಎಲ್ಲಿಂದ ಬಂತು, ಆ ಗಾದೆಯಲ್ಲಿ ಈ ಮಾತು ಯಾಕಿದೆ. ಉತ್ತರ ತಿಳಿದರೆ ಅವರಿಗೆ ಬಡ್ತಿ ಸಿಗುತ್ತಿರಲಿಲ್ಲ, ಹೊಲಕ್ಕೆ ನೀರು ಬರುತ್ತಿರಲಿಲ್ಲ. 2021ರಲ್ಲಿ 107ನೆಯ ವಯಸ್ಸಿನಲ್ಲಿ ವೆಂಕಟಸುಬ್ಬಯ್ಯನವರು ತೀರಿಕೊಂಡಾಗ ಅವರ ನಿಘಂಟುಗಳ ಬಗ್ಗೆ, ಆಯುಷ್ಯದ ಬಗ್ಗೆ, ನಿರೀಕ್ಷೆಯಂತೆ ತಪಸ್ಸಿನ ಬಗ್ಗೆ ಬರೆದೆವು. ಅಂಚೆ ಕಾರ್ಡಿಗೆ ಕಾಸು ಹಾಕಿ ಕೇಳಿದವರ ಬಗ್ಗೆ ಬರೆಯಲಿಲ್ಲ. ಅವರಲ್ಲಿ ಹೆಂಗಸರು ಎಷ್ಟಿದ್ದರು, ರೈತರು ಎಷ್ಟಿದ್ದರು, ಪರೀಕ್ಷೆಗೆ ಓದುತ್ತಿದ್ದವರು ಎಷ್ಟು, ಸುಮ್ಮನೆ ಕೇಳಿದವರು ಎಷ್ಟು ಎಂದು ಆ ಅಂಕಣದ ಹಳೆಯ ಸಂಚಿಕೆಗಳನ್ನು ಮುಂದಿಟ್ಟುಕೊಂಡು ಯಾರಾದರೂ ವಿದ್ಯಾರ್ಥಿ ಲೆಕ್ಕ ಹಾಕಲಿ ಎಂದು ನನ್ನ ಆಸೆ. ಪಿಎಚ್‌ಡಿಗೇ ಆಗಬೇಕೆಂದಿಲ್ಲ. ಹಾಗೆಯೇ, ಓತಿ ಹುಡುಕಲು ಹೊರಟ ದಿನ ರಾಮಿಯೂ ಜೊತೆಗೆ ಹೋಗಿದ್ದರೆ ಅವಳ ಕಣ್ಣಿಗೆ ಆ ಕಾಡಿನಲ್ಲಿ ಏನೇನು ಬೀಳುತ್ತಿತ್ತು ಎಂಬುದನ್ನು ಯಾರಾದರೂ ಕಥೆಯಾಗಿ ಬರೆದರೆ, ಓದುವುದಕ್ಕೆ ನಾನಂತೂ ತಯಾರಿದ್ದೇನೆ.